ವರ್ಚಸ್ಸನ್ನು ಕಿವಿಯಿಂದ ಶುರು ಮಾಡಿದ ಕ್ರಮ

ವರ್ಚಸ್ಸು ಬೆಳೆಸಿಕೊಳ್ಳಬೇಕು ಎಂದುಕೊಂಡವರು ಮೊದಲು ಭಾಷಣ ಕಲಿಯಲು ಹೊರಡುತ್ತಾರೆ. ನಾನು ಶುರು ಮಾಡಿದ್ದು ಕೇಳುವುದರಿಂದ. ಯಾರಾದರೂ ದಾರಿ ಕೇಳಿದರೆ ಈಗಲೂ ಇದೇ ಕ್ರಮ ಹೇಳುತ್ತೇನೆ. ಉದ್ಯಮ ನಡೆಸುವವರು ವೇದಿಕೆ ಹತ್ತುವುದು ವರ್ಷಕ್ಕೆ ನಾಲ್ಕಾರು ಸಲ. ಮೇಜಿನಾಚೆ ಕೂತ ಒಬ್ಬರೊಂದಿಗೆ ಮಾತಾಡುವುದು ದಿನಕ್ಕೆ ಹತ್ತಾರು ಸಲ. ನಮ್ಮ ಬಗ್ಗೆ ಜನರ ಅಭಿಪ್ರಾಯ ಗಟ್ಟಿಯಾಗುವುದು ಈ ಮೇಜಿನ ಮುಂದೆ.

ವರ್ಚಸ್ಸು ಹುಟ್ಟಿನಿಂದ ಬರುವಂಥದ್ದು ಎಂಬ ನಂಬಿಕೆ ಹಳೆಯದು. ಇಂಗ್ಲಿಷಿನಲ್ಲಿ ಇದಕ್ಕೆ ಬಳಸುವ ಕರಿಸ್ಮಾ (charisma) ಪದದ ಗ್ರೀಕ್ ಮೂಲಕ್ಕೂ ಕೃಪೆಯಿಂದ ದೊರೆತ ವರ ಎಂದೇ ಅರ್ಥ. ಆದರೆ ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದ ಜಾನ್ ಆಂಟೊನಾಕಿಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧ್ಯಮ ಹಂತದ ಮ್ಯಾನೇಜರ್‌ಗಳಿಗೆ ತರಬೇತಿ ಕೊಟ್ಟ ಮೇಲೆ ಸಹೋದ್ಯೋಗಿಗಳು ಅವರ ವರ್ಚಸ್ಸಿಗೆ ಕೊಟ್ಟ ಅಂಕ ಏರಿತು. ಅವರು ಕಲಿಸಿದ್ದು ಹೋಲಿಕೆ, ಪ್ರಶ್ನೆ, ಧ್ವನಿಯ ಏರಿಳಿತ, ಕೈಸನ್ನೆಯಂಥ ಬಿಡಿ ಬಿಡಿ ಕೌಶಲಗಳನ್ನು. ಬಿಡಿಯಾಗಿ ಕಲಿಯಬಹುದಾದ್ದನ್ನು ಬಿಡಿಯಾಗಿಯೇ ಅಭ್ಯಾಸ ಮಾಡಬೇಕು. ನಾನು ಮೊದಲ ಮೂರು ವಾರ ಕೇಳುವುದಕ್ಕೆ, ಮುಂದಿನ ನಾಲ್ಕು ವಾರ ದನಿಗೆ, ಆಮೇಲಿನ ದಿನಗಳನ್ನು ಮಾತಿನ ಕಟ್ಟಣೆಗೆ ಇಟ್ಟುಕೊಂಡೆ. ಒಟ್ಟಿಗೇ ಶುರು ಮಾಡಿದರೆ ಗಮನವೆಲ್ಲ ನಮ್ಮ ಮೇಲೇ ಇರುತ್ತದೆ, ಎದುರಿನವರಿಗೆ ಅದು ನಾಟಕದಂತೆ ಕಾಣುತ್ತದೆ.

ಕೇಳುವಾಗ ಫೋನನ್ನು ಬೋರಲು ಹಾಕಿದರೆ ಸಾಲದು, ಅದು ಕಣ್ಣಿಗೆ ಬೀಳದಂತೆ ಡ್ರಾಯರ್‌ನಲ್ಲಿರಬೇಕು. ಕುರ್ಚಿಯನ್ನು ಪೂರ್ತಿ ಅವರ ಕಡೆ ತಿರುಗಿಸಿ. ಮುಖ ಅವರ ಕಡೆ, ಮಂಡಿ ಕಂಪ್ಯೂಟರ್ ಕಡೆ ಇದ್ದರೆ ಎದ್ದು ಹೋಗುವ ಆತುರ ಕಾಣುತ್ತದೆ. ಸಮಯವನ್ನು ಮೊದಲೇ ಹೇಳಿಬಿಡುತ್ತೇನೆ: "ನನ್ನ ಹತ್ತಿರ ಎಂಟು ನಿಮಿಷ ಇದೆ, ಅಷ್ಟೂ ನಿಮ್ಮದೇ." ಅರೆಗಮನದ ಅರ್ಧ ಗಂಟೆಗಿಂತ ಈ ಎಂಟು ನಿಮಿಷಕ್ಕೆ ಬೆಲೆ ಹೆಚ್ಚು. ಎಂಟು ನಿಮಿಷವೂ ಇಲ್ಲದಿದ್ದರೆ ಇಲ್ಲ ಎಂದು ಹೇಳಿ, ಯಾವಾಗ ಸಿಗುತ್ತೀರಿ ಎಂದು ಆಗಲೇ ಗೊತ್ತು ಮಾಡಿ.

ಅತಿ ಕಷ್ಟದ ಅಭ್ಯಾಸವೆಂದರೆ ಅವರು ಮಾತು ಮುಗಿಸಿದ ಮೇಲೆ ಎರಡು ಸೆಕೆಂಡ್ ಸುಮ್ಮನಿರುವುದು. 2009ರಲ್ಲಿ ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದ ಅಧ್ಯಯನದಲ್ಲಿ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ಆದ್ದರಿಂದ ಎರಡು ಸೆಕೆಂಡ್ ಎಂಬುದು ಯುಗದಂತೆ ಅನಿಸುತ್ತದೆ. ಮನಸ್ಸಿನಲ್ಲಿ "ಒಂದು, ಎರಡು" ಎಂದು ನಿಧಾನವಾಗಿ ಎಣಿಸಿ. ಹಲವು ಸಲ ಆ ಬಿಡುವಿನಲ್ಲೇ ಅವರು ಹೇಳಲು ಬಂದಿದ್ದ ನಿಜವಾದ ವಿಷಯ ಹೊರಬರುತ್ತದೆ. ಆದರೆ "ಎಷ್ಟು ಹೊತ್ತಿಗೆ ಮೀಟಿಂಗ್?" ಎಂಬಂಥ ಪ್ರಶ್ನೆಗೂ ಎರಡು ಸೆಕೆಂಡ್ ಕಾದರೆ ತಲೆಗೆ ಹೋಗಿಲ್ಲವೇನೋ ಎಂದುಕೊಳ್ಳುತ್ತಾರೆ. ಕಾಯಬೇಕಾದ್ದು ತೂಕದ ಮಾತಿಗೆ ಮಾತ್ರ.

ನನ್ನ ಅಭಿಪ್ರಾಯ ಹೇಳುವ ಮುಂಚೆ, ಅವರು ಈಗಷ್ಟೇ ಹೇಳಿದ್ದರ ಮೇಲೆಯೇ ಕನಿಷ್ಠ ಎರಡು ಪ್ರಶ್ನೆ ಕೇಳುವುದು ನನ್ನ ನಿಯಮ. ಹೀಗೆ ಮುಂದುವರಿಕೆಯ ಪ್ರಶ್ನೆ ಕೇಳುವವರನ್ನು ಎದುರಿನವರು ಹೆಚ್ಚು ಇಷ್ಟಪಡುತ್ತಾರೆ ಎಂದು ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ತೋರಿಸಿದರು. ಇಲ್ಲಿ ಪದ ಮುಖ್ಯ. "ಯಾಕೆ ಹೀಗೆ ಮಾಡಿದಿರಿ?" ಎಂದರೆ ಅದು ವಿಚಾರಣೆ, ಜನ ಸಮರ್ಥನೆಗೆ ಇಳಿಯುತ್ತಾರೆ. "ಆಗ ಏನೇನು ದಾರಿ ಇತ್ತು?" ಎಂದರೆ ನಡೆದದ್ದನ್ನು ಬಿಡಿಸಿ ಹೇಳುತ್ತಾರೆ. ಕೊನೆಗೆ ಅವರ ಮಾತನ್ನು ಒಂದೇ ವಾಕ್ಯದಲ್ಲಿ ತಿರುಗಿ ಹೇಳಿ, "ಸರಿಯಾಗಿ ಅರ್ಥ ಮಾಡಿಕೊಂಡಿದ್ದೀನಾ?" ಎಂದು ಕೇಳಿ. ಮಾತುಮಾತಿಗೂ ಹೂಂಗುಟ್ಟಬೇಡಿ. ಬೇಗ ಬೇಗ ತಲೆಯಾಡಿಸಿದರೆ "ಆಯ್ತು, ಮುಗಿಸಿ" ಎಂದ ಹಾಗೆ.

ಕಣ್ಣಿಗೆ ಕಣ್ಣಿಟ್ಟು ನೋಡಬೇಕು ಎಂಬ ಸಲಹೆಯನ್ನು ಕೆಲವರು ಅತಿಗೆ ಒಯ್ಯುತ್ತಾರೆ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಬಂದವರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರಿಗೆ ಹಿತವೆನಿಸಿದ ನೇರ ನೋಟದ ಅವಧಿ ಸರಾಸರಿ 3.3 ಸೆಕೆಂಡ್. ಹತ್ತು ಜನರ ಸಭೆಯಲ್ಲಿ ನಾನು ಅನುಸರಿಸುವ ಲೆಕ್ಕ ಒಂದು ವಾಕ್ಯಕ್ಕೆ ಒಬ್ಬರು. ವಾಕ್ಯ ಮುಗಿಯುವ ತನಕ ಅವರನ್ನೇ ನೋಡಿ, ಮುಂದಿನ ವಾಕ್ಯವನ್ನು ಬೇರೆಯವರಿಗೆ ಹೇಳಬೇಕು. ಫ್ಯಾನಿನಂತೆ ತಲೆ ತಿರುಗಿಸಿದರೆ ಯಾರನ್ನೂ ನೋಡಿದಂತಾಗುವುದಿಲ್ಲ.

ಇನ್ನು ದನಿ. ಮೊಬೈಲನ್ನು ಎದೆಯೆತ್ತರಕ್ಕೆ ನಿಲ್ಲಿಸಿ, ನಾಳೆಯ ಮೀಟಿಂಗಿನಲ್ಲಿ ಹೇಳಬೇಕಾದ್ದನ್ನೇ ಎರಡು ನಿಮಿಷ ಮಾತಾಡಿ ವೀಡಿಯೊ ಮಾಡಿ. ಅದನ್ನು ಮೂರು ಸಲ ನೋಡಬೇಕು, ಒಂದೊಂದು ಸಲಕ್ಕೆ ಒಂದೊಂದೇ ಕೆಲಸ. ಮೊದಲ ಸಲ ಪರದೆ ಮುಚ್ಚಿ, "ಅಂದ್ರೆ", "ಏನಪ್ಪಾ ಅಂದ್ರೆ", "ಆಕ್ಚುವಲಿ" ಎಂಬ ತುಂಬುಪದಗಳಿಗೆ ಗೀಟು ಹಾಕುತ್ತಾ ಎಣಿಸಿ. ಎರಡು ನಿಮಿಷಕ್ಕೆ ನಾಲ್ಕರೊಳಗೆ ಇಳಿಸುವುದನ್ನು ಗುರಿಯಾಗಿ ಇಟ್ಟುಕೊಂಡೆ. ಸೊನ್ನೆ ಮಾಡಹೊರಟರೆ ಮಾತು ಒಣಗುತ್ತದೆ. ತುಂಬುಪದ ಬರುವ ಜಾಗದಲ್ಲಿ ಬಾಯಿ ಮುಚ್ಚಿ ಮೂಗಿನಿಂದ ಉಸಿರೆಳೆದುಕೊಂಡರೆ ಅದು ತಾನಾಗಿ ನಿಲ್ಲುತ್ತದೆ.

ಎರಡನೆಯ ಸಲ ವಾಕ್ಯದ ಕೊನೆಯನ್ನು ಮಾತ್ರ ಕೇಳಿ. ಕನ್ನಡದಲ್ಲಿ ಮಾತಾಡುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ಕ್ರಿಯಾಪದ ಬರುವುದು ವಾಕ್ಯದ ತುದಿಯಲ್ಲಿ. ಬೇಕು–ಬೇಡ, ಆಗುತ್ತೆ–ಆಗಲ್ಲ, ಮಾಡೋಣ–ಮಾಡಬಾರದು, ನಿರ್ಧಾರವೆಲ್ಲ ಆ ಕೊನೆಯ ಎರಡು ಮೂರು ಅಕ್ಷರದಲ್ಲೇ. ಉಸಿರು ತೀರಿ ದನಿ ಇಳಿಯುವುದೂ ಸರಿಯಾಗಿ ಅಲ್ಲೇ. ಎಲ್ಲ ಕೇಳಿಸಿಯೂ ತೀರ್ಮಾನವೇ ಕೇಳಿಸದ ಹಾಗೆ ಆಗುತ್ತದೆ, ಆಮೇಲೆ "ಸರ್ ಏನಂದ್ರು?" ಎಂದು ಹೊರಗೆ ಚರ್ಚೆ. ಇದಕ್ಕೆ ಮದ್ದು ಎರಡು. ಒಂದು ವಾಕ್ಯವನ್ನು ಒಂದು ಉಸಿರಿಗೆ ಸಾಕಾಗುವಷ್ಟು ತುಂಡು ಮಾಡುವುದು, ಕ್ರಿಯಾಪದದ ಮುಂಚೆ ಅರೆಕ್ಷಣ ನಿಲ್ಲುವುದು. ದಿನಕ್ಕೆ ಐದು ನಿಮಿಷ ಪತ್ರಿಕೆಯ ಸಂಪಾದಕೀಯವನ್ನು ಜೋರಾಗಿ ಓದುತ್ತಾ ಕೊನೆಯ ಪದಕ್ಕೆ ಮೊದಲ ಪದದಷ್ಟೇ ಬಲ ಕೊಡಿ.

ಮೂರನೆಯ ಸಲ ಸದ್ದು ತೆಗೆದು ನೋಡಿ. 1993ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಹತ್ತು ಸೆಕೆಂಡಿನ ಮೂರು ಮೂಕ ತುಣುಕು ನೋಡಿ ಅಪರಿಚಿತರು ಬೋಧಕರಿಗೆ ಕೊಟ್ಟ ಅಂಕ, ಇಡೀ ಅವಧಿ ಪಾಠ ಕೇಳಿದ ವಿದ್ಯಾರ್ಥಿಗಳ ಅಂಕಕ್ಕೆ ಬಹಳ ಹತ್ತಿರವಿತ್ತು. ನಿಮ್ಮ ತುಣುಕಿನಲ್ಲಿ ಹುಡುಕಬೇಕಾದ್ದು: ಕೈ ಮೇಜಿನಡಿ ಅಡಗಿದೆಯೇ, ಪೆನ್ನು ತಿರುಗಿಸುತ್ತಿದ್ದೀರಾ, ಒಳ್ಳೆಯ ಸುದ್ದಿ ಹೇಳುವಾಗಲೂ ಹುಬ್ಬು ಗಂಟಿಕ್ಕಿದೆಯೇ. ಇಷ್ಟು ತಿದ್ದಿಕೊಂಡರೆ ಸಾಕು.

ಎರಡು ಜನಪ್ರಿಯ ಸಲಹೆಗಳನ್ನು ನಾನು ಕೈಬಿಟ್ಟೆ. ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7 ಮಾತ್ರ ಎಂಬುದು ಒಂದು. ಈ ಅಂಕಿಗೆ ಮೂಲವಾದ, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳು ನಡೆದದ್ದು ಭಾವನೆಯನ್ನು ಗುರುತಿಸುವ ಬಗ್ಗೆ, ಅದೂ ಬಿಡಿ ಪದಗಳನ್ನಿಟ್ಟುಕೊಂಡು. ಬಜೆಟ್ ಮೀಟಿಂಗಿಗೆ ಆ ಲೆಕ್ಕ ಹೊಂದುವುದಿಲ್ಲ. ಇನ್ನೊಂದು, ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಹಾರ್ಮೋನು ಬದಲಾಗುತ್ತದೆ ಎಂಬುದು. ಈ ಸಲಹೆಗೆ ಮೂಲವಾದ, ನಿಲುವು-ಭಂಗಿಗಳ ಬಗೆಗಿನ 2010ರ ಪ್ರಯೋಗವನ್ನು 200 ಜನರೊಂದಿಗೆ ಮತ್ತೆ ಮಾಡಿ 2015ರಲ್ಲಿ ಪ್ರಕಟಿಸಿದಾಗ ಹಾರ್ಮೋನಿನ ಬದಲಾವಣೆ ಕಾಣಲಿಲ್ಲ. ಆ ಎರಡು ನಿಮಿಷದಲ್ಲಿ ಮೀಟಿಂಗಿನ ಮೊದಲ ವಾಕ್ಯವನ್ನು ಮೂರು ಸಲ ಹೇಳಿಕೊಳ್ಳುವುದು ಲೇಸು.

ಮಾತಿನ ಕಟ್ಟಣೆಗೆ ಒಂದು ಉದಾಹರಣೆ ಸಾಕು. "ಗ್ರಾಹಕರ ದೂರು ಪರಿಹಾರದ ಅವಧಿಯನ್ನು ಸುಧಾರಿಸುವ ಅಗತ್ಯವಿದೆ" ಎಂಬ ವಾಕ್ಯ ಯಾರಿಗೂ ತಾಕುವುದಿಲ್ಲ. ಅದನ್ನೇ ಹೀಗೆ ಹೇಳಿ: "ದೂರು ಕೊಟ್ಟವರು ನಾಲ್ಕು ದಿನ ಕಾಯುತ್ತಿದ್ದಾರೆ. ಆ ನಾಲ್ಕು ದಿನದಲ್ಲಿ ಅವರು ಏನು ಮಾಡ್ತಾರೆ? ಬೇರೆಯವರ ನಂಬರ್ ಹುಡುಕ್ತಾರೆ. ಈ ತಿಂಗಳ ಕೊನೆಗೆ ಇದು ಒಂದು ದಿನಕ್ಕೆ ಇಳಿಯಬೇಕು. ಜನ ಇದ್ದಾರೆ, ಸಾಮಾನು ಇದೆ, ಬೆಳಿಗ್ಗೆ ದೂರುಗಳನ್ನು ಹಂಚೋರು ಮಾತ್ರ ಇಲ್ಲ." ಇದರಲ್ಲಿ ಒಂದು ಪ್ರಶ್ನೆ, ಒಂದು ಚಿತ್ರ, ಒಂದು ಅಂಕಿ ಮತ್ತು ಗಡುವು, ಮೂರು ತುಂಡಿನ ಒಂದು ಪಟ್ಟಿ ಇವೆ. ಗುರಿ ಎತ್ತರದ್ದಾಗಿದ್ದು, ಅದು ಯಾಕೆ ಕೈಗೆಟುಕುತ್ತದೆ ಎಂಬ ಕಾರಣವೂ ಜೊತೆಗಿರಬೇಕು. ಕಾರಣವಿಲ್ಲದ ಗುರಿಯನ್ನು ಜನ ಬೆದರಿಕೆ ಎಂದೇ ಕೇಳಿಸಿಕೊಳ್ಳುತ್ತಾರೆ. ಹೋಲಿಕೆಗಳನ್ನು ಪೇರಿಸಬೇಡಿ. ಕಂಪನಿ ಒಮ್ಮೆ ಹಡಗು, ಒಮ್ಮೆ ಮರ, ಒಮ್ಮೆ ಕುಟುಂಬ ಆದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಕೆಟ್ಟ ಸುದ್ದಿಯಾದರೆ ಮೊದಲ ಎರಡು ವಾಕ್ಯದೊಳಗೆ ಹೇಳಿಬಿಡಿ. ಪೀಠಿಕೆ ಉದ್ದವಾದಷ್ಟೂ ಜನ ಇನ್ನೂ ಕೆಟ್ಟದ್ದನ್ನು ಊಹಿಸುತ್ತಾರೆ.

ಇಷ್ಟೆಲ್ಲ ಇದ್ದೂ ವರ್ಚಸ್ಸು ಕರಗುವುದು ಸಣ್ಣ ಮಾತು ತಪ್ಪಿದಾಗ. "ನೋಡ್ತೀನಿ", "ಹೇಳಿಸ್ತೀನಿ" ಎಂದದ್ದನ್ನು ಕೇಳಿದವರು ಮರೆಯುವುದಿಲ್ಲ. ಅಂಥ ಪ್ರತಿಯೊಂದು ಮಾತನ್ನೂ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಹೆಸರು ಮತ್ತು ದಿನಾಂಕದ ಸಮೇತ ಬರೆದುಕೊಳ್ಳುತ್ತೇನೆ, ಸಂಜೆ ಮನೆಗೆ ಹೊರಡುವ ಮುಂಚೆ ತಿರುವಿ ಹಾಕುತ್ತೇನೆ. ಆಗದಿದ್ದರೆ ಆಗಲಿಲ್ಲ ಎಂದು ಗಡುವಿಗೆ ಮುಂಚೆಯೇ ತಿಳಿಸುತ್ತೇನೆ. ಪುಟ ತುಂಬಿ ತುಳುಕತೊಡಗಿದರೆ ಒಪ್ಪಿಕೊಳ್ಳುವುದನ್ನೇ ಕಡಿಮೆ ಮಾಡಬೇಕು.

ವರ್ಚಸ್ಸು ಹೆಚ್ಚಾದರೂ ಕೆಡುತ್ತದೆ. ನಾಯಕರ ಪರಿಣಾಮಕಾರಿತ್ವ ಒಂದು ಮಟ್ಟದವರೆಗೆ ವರ್ಚಸ್ಸಿನ ಜೊತೆಗೇ ಏರಿ, ಅದರಾಚೆಗೆ ಇಳಿಯುತ್ತದೆ ಎಂದು 2018ರ ಒಂದು ಅಧ್ಯಯನ ಕಂಡುಕೊಂಡಿತು. ಅತಿ ವರ್ಚಸ್ಸಿನವರು ದಿನನಿತ್ಯದ ಕೆಲಸದ ಕಡೆ ಸಾಕಷ್ಟು ಗಮನ ಕೊಡುವುದಿಲ್ಲ ಎಂಬುದು ಸಂಶೋಧಕರು ಕೊಟ್ಟ ಮುಖ್ಯ ಕಾರಣ. ನನಗೆ ಇನ್ನೊಂದು ಕಾರಣ ಹೆಚ್ಚು ಭಯ ಹುಟ್ಟಿಸುತ್ತದೆ: ಎದುರು ಮಾತು ನಿಂತುಹೋಗುವುದು. ಅದಕ್ಕೇ ಪ್ರತಿ ಮೀಟಿಂಗಿನಲ್ಲಿ ಎಷ್ಟು ಜನ ನನ್ನ ಮಾತನ್ನು ಒಪ್ಪಲಿಲ್ಲ ಎಂದು ಹಾಳೆಯ ಮೂಲೆಯಲ್ಲಿ ಗೀಟು ಹಾಕುತ್ತೇನೆ. ಸತತ ಮೂರು ಮೀಟಿಂಗಿಗೆ ಒಂದೂ ಗೀಟು ಬೀಳದಿದ್ದರೆ, ನಾಲ್ಕನೆಯದರಲ್ಲಿ ನನ್ನ ಅಭಿಪ್ರಾಯ ಕೊನೆಗೆ. ಮೊದಲು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಈ ಯೋಜನೆ ಸೋತರೆ ಯಾವ ಕಾರಣಕ್ಕೆ ಸೋಲಬಹುದು ಎಂದು ಹೆಸರಿಲ್ಲದೆ ಎರಡು ಸಾಲು ಬರೆಯಲು ಮೂರು ನಿಮಿಷ ಬಿಡುತ್ತೇನೆ. ಚೀಟಿಗಳನ್ನು ಜೋರಾಗಿ ಓದುವುದು ನಾನಲ್ಲ, ತಂಡಕ್ಕೆ ಹೊಸದಾಗಿ ಸೇರಿದವರು.