ಬೆಂಕಿ ಹಚ್ಚಿದ್ದು ಎಂಟು ತಿಂಗಳಾದ ಮೇಲೆ

ಹಾಸನದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ತೋಟದ ಪಂಪ್‌ಸೆಟ್‌ಗಳು, ಬೋರ್‌ವೆಲ್ ಮೋಟಾರ್‌ಗಳು ರಿಪೇರಿಗೆ ಬರುತ್ತವೆ. ತಾಮ್ರದ ತಂತಿ ಸುತ್ತುತ್ತಾ ಇಪ್ಪತ್ತು ವರ್ಷ ಆಯಿತು. ಆದರೆ ಸ್ಟೀಮ್ ಇಂಜಿನ್ ಬಗ್ಗೆ ನನಗೆ ಗೊತ್ತಿದ್ದದ್ದು ಅಪ್ಪ ಹೇಳುತ್ತಿದ್ದಷ್ಟೇ. ಅರಸೀಕೆರೆ ಜಂಕ್ಷನ್ನಿನಲ್ಲಿ ಇಂಜಿನ್ ನಿಂತು ನೀರು ಕುಡಿಯುತ್ತಿದ್ದುದು, ಬಟ್ಟೆ ಮೇಲೆಲ್ಲ ಕಲ್ಲಿದ್ದಲಿನ ಕಿಡಿ ಬೀಳುತ್ತಿದ್ದುದು, ಇಂಥವು. ಒಂದು ದಸರಾ ರಜೆಯಲ್ಲಿ ಮಗಳನ್ನು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹಳೇ ಇಂಜಿನ್ನಿನ ಪಿಸ್ಟನ್ ರಾಡ್ ಮುಟ್ಟಿ ನೋಡಿ, "ಅಪ್ಪಾ, ಹಬೆ ನೆಟ್ಟಗೆ ತಳ್ಳುತ್ತೆ, ಚಕ್ರ ಹೇಗೆ ದುಂಡಗೆ ಸುತ್ತುತ್ತೆ?" ಅಂದಳು. ಬಾಯಲ್ಲಿ ಹೇಳುವುದಕ್ಕಿಂತ ಚಿಕ್ಕ ಸ್ಟೀಮ್ ಇಂಜಿನ್ ಒಂದನ್ನು ಮಾಡಿಯೇ ತೋರಿಸೋಣ ಅನ್ನಿಸಿತು.

ಮೊದಲು ಬಂದ ಯೋಚನೆ ಕುಕ್ಕರ್. ಮುಚ್ಚಳಕ್ಕೆ ಪೈಪ್ ಸಿಕ್ಕಿಸಿದರೆ ಬಾಯ್ಲರ್ ರೆಡಿ, ಅಲ್ವಾ? ಇಲ್ಲ. ದಯವಿಟ್ಟು ಯಾರೂ ಮಾಡಬೇಡಿ. ಕುಕ್ಕರ್ ಒಳಗೆ ಸುಮಾರು 1 ಕೆಜಿ ಪ್ರೆಶರ್ (ಅಂದರೆ ಪ್ರತಿ ಚದರ ಸೆಂ.ಮೀ.ಗೆ 1 ಕೆಜಿ) ಇರುತ್ತೆ, ಶಾಖ 120 ಡಿಗ್ರಿ. ವೆಯ್ಟ್ ಕೂರುವ ತೂತೇ ಅದರ ಮುಖ್ಯ ಕಾವಲು. ಅಲ್ಲಿಗೆ ಪೈಪ್ ಹಾಕಿದರೆ ಕಾವಲನ್ನೇ ತೆಗೆದ ಹಾಗೆ. ಒಂದು ಲೋಟ ನೀರು ಪೂರ್ತಿ ಹಬೆಯಾದರೆ 1,600 ಲೋಟಕ್ಕೂ ಜಾಸ್ತಿ ಜಾಗ ಕೇಳುತ್ತೆ. ಆ ಜಾಗ ಸಿಗದಿದ್ದಾಗ ಅದು ಎಲ್ಲಿ ದಾರಿ ಮಾಡಿಕೊಳ್ಳುತ್ತೆ ಅಂತ ನಾವು ಮೊದಲೇ ತೀರ್ಮಾನ ಮಾಡಿರಬೇಕು.

ಇನ್ನೊಂದು ವಿಷಯ ತಿಳಿದಾಗ ನನಗೆ ಸ್ವಲ್ಪ ಭಯವೇ ಆಯಿತು. ನಮ್ಮ ದೇಶದಲ್ಲಿ ಬಾಯ್ಲರ್ ಕಾಯಿದೆ 1923ರಲ್ಲೇ ಬಂದಿತ್ತು, 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ಕಾರ್ಖಾನೆಯ ಬಾಯ್ಲರ್ ಆದರೆ ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಆದರೆ 25 ಲೀಟರ್‌ಗಿಂತ ಚಿಕ್ಕದು ಆ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ನಾನು ಮಾಡುವ ಅಂಗೈಯಗಲದ ಬಾಯ್ಲರ್ ನೋಡಲು ಯಾರೂ ಬರುವುದಿಲ್ಲ. ಮಾಡುವವನೂ ನಾನೇ, ಇನ್‌ಸ್ಪೆಕ್ಟರೂ ನಾನೇ. ಅವತ್ತೇ ಒಂದು ನಿರ್ಧಾರ ಮಾಡಿದೆ. ಇಂಜಿನ್ ಮೊದಲು ಮಾಡುವುದು, ಅದನ್ನು ಗಾಳಿಯಲ್ಲಿ ಓಡಿಸುವುದು. ಬೆಂಕಿ ಎಲ್ಲಕ್ಕಿಂತ ಕೊನೆಗೆ.

ಹೊಸಬರಿಗೆ ತೂಗಾಡುವ ಸಿಲಿಂಡರ್‌ನ ಇಂಜಿನ್ನೇ ಸರಿ. ಇದರಲ್ಲಿ ಬೇರೆ ವಾಲ್ವ್ ಇರುವುದಿಲ್ಲ. ಸಿಲಿಂಡರ್ ಒಂದು ಪಿನ್ ಮೇಲೆ ಆಕಡೆ ಈಕಡೆ ವಾಲುತ್ತೆ. ಅದರ ಮೈಯಲ್ಲಿ ಒಂದು ತೂತು, ಹಿಂದಿನ ನಿಂತ ಪ್ಲೇಟಿನಲ್ಲಿ ಎರಡು. ಒಂದು ಕಡೆ ವಾಲಿದಾಗ ಹಬೆ ಬರುವ ತೂತಿಗೆ ಕೂಡುತ್ತೆ, ಇನ್ನೊಂದು ಕಡೆ ವಾಲಿದಾಗ ಹೊರಹೋಗುವ ತೂತಿಗೆ. ಹಬೆ ಪಿಸ್ಟನ್ನನ್ನು ತಳ್ಳುವುದು ಒಂದೇ ದಿಕ್ಕಿಗೆ. ಪಿಸ್ಟನ್ ರಾಡಿನ ತುದಿ ಚಕ್ರದ ನಡುವಿನಿಂದ ಆಚೆಗಿರುವ ಚಿಕ್ಕ ಗೂಟಕ್ಕೆ ಸಿಕ್ಕಿರುವುದರಿಂದ ಚಕ್ರ ಸುತ್ತುತ್ತೆ. ವಾಪಸ್ ತರುವುದು ಫ್ಲೈವೀಲಿನ, ಅಂದರೆ ಆ ಭಾರದ ಚಕ್ರದ ಓಟ. ಮಗಳ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ನನ್ನ ಹತ್ತಿರ ಲೇತ್ ಇಲ್ಲ. ನಮ್ಮ ಬೀದಿಯ ಲೇತ್ ಅಂಗಡಿಯ ಅಣ್ಣನ ಹತ್ತಿರ ಹಿತ್ತಾಳೆ ಸಿಲಿಂಡರ್, ಪಿಸ್ಟನ್, ಫ್ಲೈವೀಲ್ ಮೂರನ್ನು ಮಾಡಿಸಿಕೊಂಡೆ. ಬೋರ್ (ಸಿಲಿಂಡರಿನ ಒಳ ಅಗಲ) 12 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 16. ಉಳಿದದ್ದಕ್ಕೆ ಹ್ಯಾಕ್ಸಾ, ಅರ, ಡ್ರಿಲ್ ಸಾಕಾಯಿತು. ಮೊದಲನೆಯ ಇಂಜಿನ್ ಓಡಲಿಲ್ಲ. ಪಿನ್ನಿನ ತೂತು ಹಾಕುವಾಗ ಡ್ರಿಲ್ ಬಿಟ್ ಅರ್ಧ ಮಿ.ಮೀ. ಜರುಗಿತ್ತು. 2 ಮಿ.ಮೀ.ನ ತೂತುಗಳು ಒಂದಕ್ಕೊಂದು ಎದುರಾಗಬೇಕಾದಲ್ಲಿ ಅರ್ಧ ಅಂದರೆ ಬಹಳ ಆಯಿತು. ಎರಡನೆಯ ಸಲ ಮೊದಲು ಸೆಂಟರ್ ಪಂಚ್ ಹೊಡೆದು, 1 ಮಿ.ಮೀ. ಬಿಟ್‌ನಿಂದ ದಾರಿ ಮಾಡಿ, ಆಮೇಲೆ ದೊಡ್ಡದು ಹಾಕಿದೆ. ಸಿಲಿಂಡರಿಗೂ ಪ್ಲೇಟಿಗೂ ಉಜ್ಜುವ ಮುಖ ಸಮತಟ್ಟಾಗಿರಲೇಬೇಕು. ದಪ್ಪ ಗಾಜಿನ ಮೇಲೆ 600 ನಂಬರಿನ ವಾಟರ್ ಪೇಪರ್ ಅಂಟಿಸಿ, ನೀರು ಚಿಮುಕಿಸಿ, ಎಂಟರ ಆಕಾರದಲ್ಲಿ ತಿಕ್ಕಿದೆ. ಮುಖದ ತುಂಬ ಒಂದೇ ಥರದ ಮಂಕು ಬಣ್ಣ ಬಂದರೆ ಸರಿ. ಎಲ್ಲಾದರೂ ಹೊಳೆಯುವ ಚುಕ್ಕೆ ಉಳಿದಿದ್ದರೆ ಅಲ್ಲಿ ತಗ್ಗು ಇದೆ ಅಂತ ಅರ್ಥ.

ಒಂದು ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ ಬಾಯಿಂದ ಊದಿದೆ. ಚಕ್ರ ಮೂರು ಸುತ್ತು ಸುತ್ತಿ ನಿಂತಿತು. ಸಿಲಿಂಡರನ್ನು ಪ್ಲೇಟಿಗೆ ಒತ್ತಿ ಹಿಡಿಯುವ ಸ್ಪ್ರಿಂಗ್ ಒಂದು ಸುತ್ತು ಸಡಿಲ ಮಾಡಿ, ಎರಡು ಹನಿ ಎಣ್ಣೆ ಬಿಟ್ಟು ಮತ್ತೆ ಊದಿದೆ. ಟುಕು ಟುಕು ಅಂತ ಶುರುವಾಗಿದ್ದು ನಿಲ್ಲಲೇ ಇಲ್ಲ. ಉಸಿರು ಕಟ್ಟುವವರೆಗೂ ಊದಿದೆ. ಆಮೇಲೆ ಮಗಳು ಊದಿದಳು. ಬಾಯಿಯ ಗಾಳಿಗೆ ತಿರುಗುವ ಇಂಜಿನ್ ಹಬೆಗೆ ತಿರುಗೇ ತಿರುಗುತ್ತೆ. ತಿರುಗದಿದ್ದರೆ ಪ್ರೆಶರ್ ಜಾಸ್ತಿ ಮಾಡುವುದು ಪರಿಹಾರವಲ್ಲ, ಕೆಲಸದಲ್ಲಿ ತಪ್ಪಿದೆ ಅಂತ ಹುಡುಕಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ನೇರವಾಗಿ ಜೋಡಿಸಬೇಡಿ. ಅದರಲ್ಲಿ ಎಂಟು ಕೆಜಿಯಷ್ಟು ಗಾಳಿ ಇರಬಹುದು. ಈ ಇಂಜಿನ್ನಿಗೆ ಅರ್ಧ ಕೆಜಿ ಧಾರಾಳ ಸಾಕು.

ಗಾಳಿಯಲ್ಲೇ ಮೂರು ಇಂಜಿನ್ ಓಡಿಸಿದ ಮೇಲೆ ಬಾಯ್ಲರಿಗೆ ಕೈ ಹಾಕಿದೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಬಾಯ್ಲರ್ ಆಗಿ, ಪರೀಕ್ಷೆ ಮಾಡಿದ ರೆಡಿಮೇಡ್ ಒಂದನ್ನು ಕೊಳ್ಳುವುದೇ ಒಳ್ಳೆಯದು. ನಾನು ಮಾಡಿದ್ದು ತಾಮ್ರದ ಗುಣ ಸ್ವಲ್ಪ ಗೊತ್ತಿತ್ತು, ಕಲಿಸುವವರೂ ಸಿಕ್ಕರು ಅಂತ. 54 ಮಿ.ಮೀ. ಅಗಲದ ತಾಮ್ರದ ಪೈಪ್, 15 ಸೆಂ.ಮೀ. ಉದ್ದ. ಎರಡೂ ಕಡೆ 2 ಮಿ.ಮೀ. ತಾಮ್ರದ ತಟ್ಟೆಗಳು. ತಟ್ಟೆಯ ಅಂಚು ಬಗ್ಗಿಸಲು ತಾಮ್ರವನ್ನು ಮಂಕಾಗಿ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಬೇಕು. ಮೆತ್ತಗಾಗುತ್ತೆ. ನಾಲ್ಕೈದು ಏಟಿಗೆ ಮತ್ತೆ ಗಟ್ಟಿಯಾಗುತ್ತೆ, ಮತ್ತೆ ಕಾಯಿಸಬೇಕು. ಚಪ್ಪಟೆ ತಟ್ಟೆ ಪ್ರೆಶರಿಗೆ ಉಬ್ಬುವುದರಿಂದ ಎರಡನ್ನೂ ಹಿಡಿದಿಡಲು ಒಳಗೆ ಉದ್ದಕ್ಕೆ ಒಂದು ಸರಳು ಹಾಯಿಸಿದೆ. ವಾಲ್ವ್, ಗೇಜ್ ಕೂರಿಸುವ ಬುಷ್‌ಗಳಿಗೆ ಹಿತ್ತಾಳೆ ಬೇಡ, ಕಂಚು ಹಾಕಿ. ಬಿಸಿ ನೀರಿನಲ್ಲಿ ಹಿತ್ತಾಳೆಯೊಳಗಿನ ಸತು ನಿಧಾನವಾಗಿ ಹೊರಗೆ ಹೋಗಿ ಲೋಹ ಪೊಳ್ಳಾಗುತ್ತೆ.

ಬೆಸುಗೆಯ ವಿಷಯದಲ್ಲಿ ನನ್ನ ಅಂಗಡಿಯ ಅಭ್ಯಾಸವೇ ನನಗೆ ಅಡ್ಡ ಬರುತ್ತಿತ್ತು. ನಾನು ದಿನಾ ಬಳಸುವ ಸೀಸ–ತವರದ ಲೆಡ್ 183 ಡಿಗ್ರಿಗೇ ಕರಗಲು ಶುರುವಾಗುತ್ತೆ. 2 ಕೆಜಿ ಪ್ರೆಶರಿನ ಹಬೆಯೇ ಸುಮಾರು 133 ಡಿಗ್ರಿ ಇರುತ್ತೆ. ನೀರು ಖಾಲಿಯಾಗಿ ಬೆಂಕಿ ಉರಿಯುತ್ತಿದ್ದರೆ ಲೆಡ್ ಹಾಕಿದ ಜಾಯಿಂಟ್ ಬಿಟ್ಟುಕೊಳ್ಳಲು ಎಷ್ಟು ಹೊತ್ತು? ಹಾಗಾಗಿ ಬೆಳ್ಳಿ ಬೆಸುಗೆಯೇ ಆಗಬೇಕು. ಅದು ಕರಗುವುದು 600 ಡಿಗ್ರಿ ದಾಟಿದ ಮೇಲೆ. ಪರಿಚಯದ ಹಿರಿಯ ಅಕ್ಕಸಾಲಿಗರೊಬ್ಬರ ಹತ್ತಿರ ಹೋದೆ. ನನ್ನ ಕೈಯಲ್ಲಿದ್ದ ಬೆಳ್ಳಿ ಬೆಸುಗೆಯ ರಾಡ್ ನೋಡಿ ಅವರು ಕೇಳಿದ ಮೊದಲ ಮಾತು, "ಇದರಲ್ಲಿ ಕ್ಯಾಡ್ಮಿಯಂ ಇದೆಯೇನಪ್ಪಾ?" ಚಿನ್ನದಂಗಡಿಯಲ್ಲಿ ಕೆಡಿಎಂ ಅಂತ ಕೇಳಿರುತ್ತೀರಿ. ಅದೇ ಕ್ಯಾಡ್ಮಿಯಂ. ಅದರ ಹೊಗೆ ಶ್ವಾಸಕೋಶಕ್ಕೆ ವಿಷ. "ಈ ಹೊಗೆ ಕುಡಿದವರನ್ನ ನಾನು ನೋಡಿದೀನಿ. ವಾಪಸ್ ಕೊಟ್ಟು ಬೇರೆ ತಗೊಂಡು ಬಾ" ಅಂದರು. ಕ್ಯಾಡ್ಮಿಯಂ ಇಲ್ಲದ ರಾಡ್, ಅದಕ್ಕೆ ಹೊಂದುವ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವುದು) ತಂದೆ. ಅವರ ಊದುಕೊಳವೆ ಒಡವೆಗೆ ಸರಿ, ಬಾಯ್ಲರಿಗೆ ಸಾಲದು. ತಾಮ್ರ ಶಾಖವನ್ನು ಮೈಯೆಲ್ಲ ಹಂಚಿಬಿಡುತ್ತೆ. ಸುತ್ತ ಇಟ್ಟಿಗೆ ಜೋಡಿಸಿ, ಅಂಗಳದಲ್ಲಿ ದೊಡ್ಡ ಗ್ಯಾಸ್ ಟಾರ್ಚಿನಿಂದ ಇಡೀ ಬಾಯ್ಲರ್ ಕಾಯಿಸಿದೆವು. ಹಿರಿಯರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, "ಜ್ವಾಲೆ ರಾಡಿಗಲ್ಲ, ತಾಮ್ರಕ್ಕೆ ತೋರಿಸು. ತಾಮ್ರವೇ ಕರಗಿಸಬೇಕು" ಅನ್ನುತ್ತಿದ್ದರು. ತಾಮ್ರ ಸಾಕಷ್ಟು ಕಾದಾಗ ಬೆಳ್ಳಿ ನೀರಿನ ಹಾಗೆ ಓಡಿ ಸಂದಿಯ ಸುತ್ತ ಒಂದು ಗೆರೆ ಎಳೆಯಿತು.

ಇನ್ನು ಪರೀಕ್ಷೆ. ಇದನ್ನು ಬಿಟ್ಟು ಯಾರೂ ಬೆಂಕಿ ಹಚ್ಚಬಾರದು. ಪ್ಲಂಬರ್‌ಗಳು ಪೈಪ್‌ಲೈನ್ ಪರೀಕ್ಷೆಗೆ ಬಳಸುವ ಕೈಪಂಪ್ ಒಂದು ದಿನಕ್ಕೆ ಕೇಳಿ ತಂದೆ. ಬಾಯ್ಲರಿಗೆ ನೀರು ಪೂರ್ತಿ ತುಂಬಿಸಬೇಕು, ಒಂದು ಗುಳ್ಳೆ ಗಾಳಿಯೂ ಇರಬಾರದು. ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ಒತ್ತಿದರೆ ಶಕ್ತಿ ಕೂಡಿಟ್ಟುಕೊಳ್ಳುತ್ತೆ, ಒಡೆದರೆ ಸಿಡಿಯುತ್ತೆ. ನೀರು ಒತ್ತಿದರೂ ಕುಗ್ಗುವುದು ಬಹಳ ಕಡಿಮೆ. ಜಾಯಿಂಟ್ ಬಿಟ್ಟರೆ ನೀರು ಸೋರುತ್ತೆ, ಪ್ರೆಶರ್ ಗೇಜಿನ ಮುಳ್ಳು ಇಳಿಯುತ್ತೆ, ಅಷ್ಟೇ. ಓಡಿಸುವುದು 2 ಕೆಜಿಯಲ್ಲಿ, ಆದ್ದರಿಂದ ಹೊಸ ಬಾಯ್ಲರಿಗೆ ಅದರ ಎರಡು ಪಟ್ಟು, 4 ಕೆಜಿ. ನಿಧಾನವಾಗಿ ಪಂಪ್ ಒತ್ತಿದೆ. 3 ಕೆಜಿಗೆ ಸೇಫ್ಟಿ ವಾಲ್ವ್ ಕೂರುವ ಬುಷ್‌ನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಒಂದು ಹನಿ ಕಾಣಿಸಿತು. ಒರೆಸಿದೆ. ಮತ್ತೆ ಬಂತು. ಆ ತೂತು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಎಲ್ಲ ಬಿಚ್ಚಿ, ಸಿಟ್ರಿಕ್ ಆಸಿಡ್ ನೀರಿನಲ್ಲಿ ತೊಳೆದು, ಮತ್ತೆ ಕಾಯಿಸಿ ಬೆಳ್ಳಿ ಓಡಿಸಿದೆ. ಮುಂದಿನ ವಾರ 4 ಕೆಜಿಗೆ ಹದಿನೈದು ನಿಮಿಷ ಮುಳ್ಳು ಅಲ್ಲಾಡಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮೊದಲ ಬೆಂಕಿ ಹಚ್ಚಿದೆ. ಬೋರ್‌ವೆಲ್ ನೀರಿಗೆ ಒಳಗೆ ಬಿಳಿ ಗಸಿ ಕಟ್ಟುತ್ತೆ, ಅದಕ್ಕೆ ಹೆಂಚಿನಿಂದ ಬಿದ್ದ ಮಳೆ ನೀರನ್ನು ಸೋಸಿ ಹಾಕಿದೆ, ಮುಕ್ಕಾಲಿಗೂ ಕಮ್ಮಿ. ಸ್ಪಿರಿಟ್ ಬರ್ನರಿನ ಡಬ್ಬಿ ಬೇಕೆಂದೇ ಚಿಕ್ಕದು ಮಾಡಿದ್ದೆ. ನೀರು ಮುಗಿಯುವುದಕ್ಕೆ ಮೊದಲೇ ಸ್ಪಿರಿಟ್ ಮುಗಿದು ಬೆಂಕಿ ಆರಬೇಕು. ಮೊದಲು ಇಂಜಿನ್ನಿನ ನಳಿಕೆ ಮುಚ್ಚಿ, ಪೂರ್ತಿ ಉರಿಯಲ್ಲಿ ಸೇಫ್ಟಿ ವಾಲ್ವನ್ನೇ ನೋಡಿದೆ. 2 ಕೆಜಿಗೆ ಬುಸ್ ಅಂತ ತೆರೆಯಿತು. ಗೇಜು 2.2 ದಾಟಲಿಲ್ಲ. ಆಮೇಲೆ ಇಂಜಿನ್ನಿಗೆ ಬಿಟ್ಟೆ. ತಣ್ಣಗಿರುವ ಸಿಲಿಂಡರಿನಲ್ಲಿ ಹಬೆ ನೀರಾಗಿ ಮೊದಲು ಕುದಿನೀರು ಉಗುಳುತ್ತೆ, ಆದ್ದರಿಂದ ಮುಖ ದೂರ ಇರಲಿ, ಕನ್ನಡಕ ಇರಲಿ. ಫ್ಲೈವೀಲನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ ನೀರು ಕಳೆದ ಮೇಲೆ ಅದು ತಾನೇ ಹಿಡಿದುಕೊಂಡಿತು. ಎಣ್ಣೆ ಮಾತ್ರ ಸ್ಟೀಮ್ ಸಿಲಿಂಡರ್ ಆಯಿಲ್ಲೇ ಆಗಬೇಕು. ಹೊಲಿಗೆ ಮೆಷಿನ್ ಎಣ್ಣೆಯನ್ನು ಹಬೆ ತೊಳೆದುಬಿಡುತ್ತೆ.

ಇಷ್ಟೆಲ್ಲ ಎಚ್ಚರ ವಹಿಸಿದ ನಾನು ತಪ್ಪು ಮಾಡಿದ್ದು ಆಯುಧಪೂಜೆಯ ದಿನ. ಅಂಗಡಿ ಮುಂದೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಇಂಜಿನ್ ಓಡಿಸಿ ತೋರಿಸುತ್ತಿದ್ದೆ. ಇಂಜಿನ್ ನಿಧಾನವಾಯಿತು, ಬರ್ನರ್ ಆರಿದೆ ಅಂದುಕೊಂಡು ಸ್ಪಿರಿಟ್ ಸುರಿಯಲು ಹೋದೆ. ಸ್ಪಿರಿಟಿನ ಜ್ವಾಲೆ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಭಗ್ ಅಂತ ಬಾಟಲಿಯ ಬಾಯಿಗೆ ಹತ್ತಿತು. ಪಕ್ಕದಲ್ಲಿ ಒದ್ದೆ ಗೋಣಿಚೀಲ ಇಟ್ಟುಕೊಂಡಿದ್ದೆ, ಹೊದಿಸಿದೆ, ಆರಿತು. ಮುಂಗೈ ಕೂದಲು ಸುಟ್ಟಿತ್ತು, ಎರಡು ಬೆರಳಿಗೆ ಬೊಬ್ಬೆ. ಮಗಳು ಮೂರು ಮಾರು ದೂರದಲ್ಲಿ ನಿಂತಿದ್ದಳು. ಅವತ್ತಿನಿಂದ ಬರ್ನರನ್ನು ಹೊರಗೆ ಎಳೆದು, ಮುಚ್ಚಳ ಹಾಕಿ ಆರಿಸಿ, ಪೂರ್ತಿ ತಣ್ಣಗಾದ ಮೇಲಷ್ಟೇ ತುಂಬಿಸುತ್ತೇನೆ. ಬಾಟಲಿ ಒಳಗಡೆ ಬೀರುವಿನಲ್ಲೇ ಇರುತ್ತೆ. ಅಳೆದ ಸ್ಪಿರಿಟ್ ಮಾತ್ರ ಚಿಕ್ಕ ಲೋಟದಲ್ಲಿ ಹೊರಗೆ ಬರುತ್ತೆ. ನೆರಳಿನಲ್ಲೇ ಓಡಿಸುತ್ತೇನೆ.

ಬಾಯ್ಲರಿಗೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ವರ್ಷಕ್ಕೊಮ್ಮೆ, ಮಳೆ ಶುರುವಾದಾಗ, ಓಡಿಸುವ ಪ್ರೆಶರಿನ ಒಂದೂವರೆ ಪಟ್ಟಿಗೆ ಮತ್ತೆ ನೀರಿನ ಪರೀಕ್ಷೆ. ಪಂಪ್ ಒತ್ತುವುದು ನಾನು, ಗೇಜ್ ಓದುವುದು ಮಗಳು. ಈ ಸಲ 3 ಕೆಜಿ, ಹದಿನೈದು ನಿಮಿಷ. ಬುಷ್‌ನ ಬುಡವನ್ನು ಬೆರಳಿನಿಂದ ಒರೆಸಿ ನೋಡಿ, "ಒಣಗಿದೆ ಅಪ್ಪಾ" ಅಂದು ದಿನಾಂಕ ಬರೆದಳು.