ಸತ್ತ ಆಂಪ್ಲಿಫೈಯರ್, ಬದುಕಿದ್ದ ಟ್ರಾನ್ಸ್‌ಫಾರ್ಮರ್‌ಗಳು

ಆ ಹಳೇ ವಾಲ್ವ್ (ಟ್ರಾನ್ಸಿಸ್ಟರ್‌ಗೂ ಮುಂಚಿನ ಗಾಜಿನ ಕೊಳವೆ) ಆಂಪ್ಲಿಫೈಯರ್ ನನ್ನ ಕೈಗೆ ಬಂದಾಗ ಅದರಲ್ಲಿ ಉಳಿದಿದ್ದು ತುಕ್ಕು ಹಿಡಿದ ಷಾಸಿ, ಊದಿಕೊಂಡ ಕೆಪಾಸಿಟರ್‌ಗಳು, ಎರಡು ಟ್ರಾನ್ಸ್‌ಫಾರ್ಮರ್: ಗೋಡೆಯ ಕರೆಂಟ್ ತೆಗೆದುಕೊಳ್ಳುವ ಪವರ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್‌ಗೆ ಸೇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ರಿಪೇರಿಯ ಮಾತೇ ಇರಲಿಲ್ಲ. ಆದರೆ ವಾಲ್ವ್ ಸೆಟ್‌ನಲ್ಲಿ ದುಬಾರಿ ಮಾಲು ಟ್ರಾನ್ಸ್‌ಫಾರ್ಮರೇ ಅಲ್ವಾ? ಅವೆರಡನ್ನು ಬಿಚ್ಚಿಕೊಂಡೆ. ಸ್ಪೀಕರ್ ನಡೆಸಲು ಇಎಲ್84 ಅನ್ನುವ ಒಂದೇ ವಾಲ್ವ್ ಹಾಕಿ ಪುಟ್ಟ ಆಂಪ್ಲಿಫೈಯರ್ ಕಟ್ಟುವ ಆಸೆ.

ಬಿಚ್ಚುವಾಗಲೇ ಎಡವಟ್ಟು ಮಾಡಿದೆ. ಯಾವ ತಂತಿ ಎಲ್ಲಿಗೆ ಹೋಗಿತ್ತು ಅಂತ ಬರೆದಿಟ್ಟುಕೊಳ್ಳದೆ ಕತ್ತರಿಸಿಬಿಟ್ಟೆ. ಬಣ್ಣ ನೋಡಿ ಗುರುತಿಸೋಣ ಅಂದರೆ ಎಲ್ಲವೂ ಮಾಸಿ ಕಂದಾಗಿದ್ದವು. ಮೊದಲು ಪವರ್ ಟ್ರಾನ್ಸ್‌ಫಾರ್ಮರ್ ಮುಂದೆ ಮಲ್ಟಿಮೀಟರ್ ಹಿಡಿದು ಕೂತೆ. ಒಂದು ಓಮ್‌ಗಿಂತ ಕಡಿಮೆ ತೋರಿಸಿದ ಸುತ್ತುಗಳು ಹೀಟರ್‌ನವು, ಅಂದರೆ ವಾಲ್ವ್ ಕಾಯಿಸುವ ತಂತಿಗೆ ಕರೆಂಟ್ ಕೊಡುವಂಥವು. ಎಲ್ಲಕ್ಕಿಂತ ಜಾಸ್ತಿ ತೋರಿಸಿ, ನಡುವೆ ಒಂದು ತಂತಿ ಇದ್ದದ್ದು ಹೈ ವೋಲ್ಟೇಜ್‌ನದು. ಉಳಿದದ್ದು ಪ್ರೈಮರಿ, ಗೋಡೆಯ ಕರೆಂಟ್ ಒಳಬರುವ ಸುತ್ತು.

ನೇರ ಕರೆಂಟ್ ಕೊಡಲು ಧೈರ್ಯ ಬರಲಿಲ್ಲ. 60 ವಾಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿದೆ. ಬಲ್ಬ್ ಒಮ್ಮೆ ಮಿನುಗಿ ಆರಿತು. ಒಳಗೆ ಶಾರ್ಟ್ ಇದ್ದಿದ್ದರೆ ಪೂರ್ತಿ ಉರಿಯುತ್ತಿತ್ತು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್‌ಗೆಂದು ಇದ್ದ 5 ವೋಲ್ಟ್ ಸುತ್ತು ನನಗೆ ಬೇಡವಾಗಿತ್ತು. ಅದರ ಎರಡೂ ತುದಿಗೆ ಬೇರೆಬೇರೆಯಾಗಿ ಸ್ಲೀವ್ ಹಾಕಿದೆ. ಸುಮ್ನೆ ಒಟ್ಟಿಗೆ ತಿರುಚಿಟ್ಟರೆ ಅದೇ ಶಾರ್ಟ್.

ವಾಲ್ವ್ ಹಾಕಿ ನೋಡಿದರೆ ಹೀಟರ್‌ನಲ್ಲಿ 6.3ರ ಬದಲು 6.9 ವೋಲ್ಟ್! ಟ್ರಾನ್ಸ್‌ಫಾರ್ಮರ್ 220 ವೋಲ್ಟಿನ ಕಾಲದ್ದು, ಗೋಡೆಯಲ್ಲಿ ಬರುತ್ತಿದ್ದುದು 240. ಇಎಲ್84, ಅದರ ಮುಂದೆ ಸಣ್ಣ ಸಿಗ್ನಲ್ ಹಿಗ್ಗಿಸುವ ಇಸಿಸಿ83 ವಾಲ್ವ್, ಇವೆರಡರ ಹೀಟರ್ ಸೇರಿ ಸುಮಾರು 1 ಆಂಪಿಯರ್ ಎಳೆಯುತ್ತವೆ. ದಾರಿಯಲ್ಲಿ ಒಂದು 0.47 ಓಮ್ ರೆಸಿಸ್ಟರ್ ಹಾಕಿದೆ, ಅರ್ಧ ವೋಲ್ಟ್ ಇಳಿಯಿತು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಗೆ (ವಾಲ್ವ್ ಕಡೆಯ ಸುತ್ತು) 12 ವೋಲ್ಟ್ ಎಸಿ ಕೊಟ್ಟೆ, ಸೆಕೆಂಡರಿಯಲ್ಲಿ (ಸ್ಪೀಕರ್ ಕಡೆಯ ಸುತ್ತು) 0.48 ಬಂತು. ಅಂದರೆ 25ಕ್ಕೆ 1. ಇಪ್ಪತ್ತೈದರ ವರ್ಗ 625, ಅದನ್ನು 8 ಓಮ್ ಸ್ಪೀಕರ್‌ನಿಂದ ಗುಣಿಸಿದರೆ ವಾಲ್ವ್‌ಗೆ ಕಾಣುವ ಲೋಡ್ 5,000 ಓಮ್. ಇಎಲ್84ಗೆ ಬೇಕಾದ್ದೂ ಹೆಚ್ಚುಕಡಿಮೆ ಅಷ್ಟೇ. ಈ ಪರೀಕ್ಷೆಯನ್ನು ಉಲ್ಟಾ ಮಾಡಬೇಡಿ. ಸೆಕೆಂಡರಿಗೆ 12 ಕೊಟ್ಟರೆ ಆ ಕಡೆ 300 ವೋಲ್ಟ್ ಕಾದಿರುತ್ತದೆ.

ನನಗೆ ತುಂಬ ಇಷ್ಟವಾದ ಕೆಲಸ ಕೊನೆಯದು. ತೂತು ಕೊರೆಯುವ ಮೊದಲು ಪವರ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಕರೆಂಟ್ ಕೊಟ್ಟು, ಔಟ್‌ಪುಟ್‌ನ ಸೆಕೆಂಡರಿಗೆ ಹಳೇ ಇಯರ್‌ಫೋನ್ ಸಿಕ್ಕಿಸಿದೆ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು: ಪವರ್ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನು ಔಟ್‌ಪುಟ್ ಹಿಡಿದುಕೊಳ್ಳುತ್ತಿತ್ತು. ಔಟ್‌ಪುಟ್ಟನ್ನು ಮೆಲ್ಲಗೆ ತಿರುಗಿಸುತ್ತಾ ಹೋದಂತೆ ಸದ್ದು ಇಳಿಯಿತು, ಇನ್ನೊಂದು ಚೂರು ತಿರುಗಿಸಿದರೆ ಮತ್ತೆ ಏರಿತು. ಸದ್ದು ಅಡಗಿದ ಜಾಗಕ್ಕೆ ವಾಪಸ್ ತಂದು, ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಅಲ್ಲೇ ಕೊರೆದೆ. ಈಗ ಸ್ಪೀಕರ್‌ಗೆ ಕಿವಿ ಹಚ್ಚಿದರೆ ಮಾತ್ರ ಆ ಗುಂಯ್ ಕೇಳಿಸುತ್ತದೆ.