ಗಾಡಿಯ ಎಲ್‌ಇಡಿಗೆ ರೆಸಿಸ್ಟರ್: 12 ವೋಲ್ಟ್ ಬಿಡಿ, 14.4 ಹಿಡಿದು ಲೆಕ್ಕ ಹಾಕಿ

ಬ್ಯಾಡಗಿ ಮಾರುಕಟ್ಟೆಯಿಂದ ಹುಬ್ಬಳ್ಳಿಗೆ ಮೆಣಸಿನಕಾಯಿ ಚೀಲ ತರುವ ಸಣ್ಣ ಗೂಡ್ಸ್ ಗಾಡಿ ನನ್ನದು. ಸೀಸನ್‌ನಲ್ಲಿ ಲೋಡಿಂಗ್ ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಮಾಲರು ಮೊಬೈಲ್ ಟಾರ್ಚ್ ಹಿಡಿದು ಒದ್ದಾಡುವುದು ಬೇಡ ಅಂತ ಹಿಂದಿನ ಹುಡ್‌ನೊಳಗೆ ಬಿಳಿ ಎಲ್‌ಇಡಿ ಹಾಕಿದೆ.

ಅಂಗಡಿಯವರು ರೆಡಿಮೇಡ್ ಎಲ್‌ಇಡಿ ಪಟ್ಟಿ ತೋರಿಸಿ, "12 ವೋಲ್ಟಿಂದು ಐತ್ರಿ, ಬ್ಯಾಟರಿಗೆ ಹಚ್ಚಿಬಿಡ್ರಿ" ಎಂದರು. ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಮೂರು ಎಲ್‌ಇಡಿಗೆ ಒಂದು ಪುಟ್ಟ ಕಪ್ಪು ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ಬಿಡಿಭಾಗ), ಮೇಲೆ 151 ಅಂತ ಬರಹ. ಅಂದರೆ 15ರ ಮುಂದೆ ಒಂದು ಸೊನ್ನೆ, 150 ಓಮ್.

ಒಂದು ಬಿಳಿ ಎಲ್‌ಇಡಿ ಸುಮಾರು 3.2 ವೋಲ್ಟ್ ತಿನ್ನುತ್ತದೆ. ಮೂರಕ್ಕೆ 9.6. ಸರಿಯಾಗಿ 12 ವೋಲ್ಟ್ ಇದ್ದರೆ ಉಳಿದ 2.4ನ್ನು 150ರಿಂದ ಭಾಗಿಸಿ, 16 ಮಿಲಿಆಂಪ್. ಸರಿಯಾಗಿದೆ, ಅಲ್ವಾ? ಆದರೆ ಇಂಜಿನ್ ಓಡುವಾಗ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುತ್ತದೆ, ಬ್ಯಾಟರಿ ತುದಿಯಲ್ಲಿ 13.8ರಿಂದ 14.4 ವೋಲ್ಟ್ ಇರುತ್ತದೆ. 14.4 ಇಟ್ಟು ನೋಡಿ: ಉಳಿಯುವುದು 4.8, ಕರೆಂಟ್ 32 ಮಿಲಿಆಂಪ್. ನೇರ ಎರಡು ಪಟ್ಟು! ವೋಲ್ಟೇಜ್ ಏರಿದ್ದು ಐದನೇ ಒಂದು ಭಾಗ ಮಾತ್ರ. ಎಲ್‌ಇಡಿ ತನ್ನ ಪಾಲನ್ನು ಹೆಚ್ಚುಕಡಿಮೆ ಅಷ್ಟೇ ತಿನ್ನುವುದರಿಂದ ಏರಿದ್ದೆಲ್ಲ ರೆಸಿಸ್ಟರ್ ತಲೆ ಮೇಲೆ ಬೀಳುತ್ತದೆ. 20 ಮಿಲಿಆಂಪಿನ ಎಲ್‌ಇಡಿ ಇದನ್ನು ತಡೆಯದು.

ಹಾಗಾಗಿ ಬಿಡಿ ಎಲ್‌ಇಡಿ ತಂದು ನಾನೇ ಜೋಡಿಸಿದೆ. ಇಲ್ಲಿ ಎರಡು ದಾರಿ. ಮೂರು ಎಲ್‌ಇಡಿ ಸಾಲಾಗಿ ಹಾಕಿ 330 ಓಮ್ ಕೊಟ್ಟರೆ 14.4ರಲ್ಲಿ ಸುಮಾರು 14.5 ಮಿಲಿಆಂಪ್. ಇಂಜಿನ್ ಆಫ್ ಮಾಡಿ 12.4ಕ್ಕೆ ಇಳಿದರೆ ಬರೀ 8.5. ಎರಡೇ ಎಲ್‌ಇಡಿ ಹಾಕಿ 560 ಓಮ್ ಕೊಟ್ಟರೆ ಓಡುವಾಗ 14.3, ನಿಂತಾಗ 10.7. ನನಗೆ ಲೈಟ್ ಬೇಕಿದ್ದದ್ದೇ ಇಂಜಿನ್ ಆಫ್ ಇದ್ದಾಗ. ಎರಡರ ಜೋಡಿಯನ್ನೇ ಆರಿಸಿದೆ. ರೆಸಿಸ್ಟರ್‌ನಲ್ಲಿ ಶಕ್ತಿ ಜಾಸ್ತಿ ಬಿಸಿಯಾಗಿ ಹೋಗುತ್ತದೆ, ನಿಜ. ಆದರೆ ಹತ್ತು ಜೋಡಿಗೂ ಸೇರಿ 0.15 ಆಂಪ್ ಕೂಡ ಆಗುವುದಿಲ್ಲ. ಬ್ಯಾಟರಿಗೆ ಅದು ಯಾವ ಲೆಕ್ಕ?

ಬಿಸಿಯ ಲೆಕ್ಕ ಸುಲಭ. ರೆಸಿಸ್ಟರ್ ಮೇಲೆ 8 ವೋಲ್ಟ್, 14.3 ಮಿಲಿಆಂಪ್, ಗುಣಿಸಿದರೆ 0.11 ವ್ಯಾಟ್. ಕಾಲು ವ್ಯಾಟಿನದು ಸಾಕು. 560 ಓಮಿನ ಗುರುತಾದ ಹಸಿರು, ನೀಲಿ, ಕಂದು ಪಟ್ಟೆ ಇರುವುದನ್ನು ಕೇಳಿ.

ಒಂದೇ ದೊಡ್ಡ ರೆಸಿಸ್ಟರ್ ಹಾಕಿ ಎಲ್ಲ ಜೋಡಿಯನ್ನೂ ಅದಕ್ಕೇ ಕಟ್ಟಬೇಡಿ. ಎಲ್ಲ ಎಲ್‌ಇಡಿಯೂ ಒಂದೇ ಥರ ಇರುವುದಿಲ್ಲ. ಸ್ವಲ್ಪ ಕಡಿಮೆ ವೋಲ್ಟಿಗೆ ಹತ್ತುವ ಜೋಡಿ ಉಳಿದವರ ಕರೆಂಟನ್ನೂ ಎಳೆದುಕೊಂಡು ಮೊದಲು ಸಾಯುತ್ತದೆ. ಪ್ರತಿ ಜೋಡಿಗೂ ಅದರದ್ದೇ ರೆಸಿಸ್ಟರ್ ಇರಲಿ.

ಬ್ಯಾಟರಿ ಹತ್ತಿರವೇ 1 ಆಂಪ್ ಫ್ಯೂಸ್ ಹಾಕಿದೆ. ಬೆಸುಗೆ ಮೇಲೆ ಸ್ಲೀವ್ ಏರಿಸಿ, ರೆಸಿಸ್ಟರನ್ನು ಸಿಲಿಕೋನ್ ಗಮ್‌ನಿಂದ ಕೂರಿಸಿದೆ. ನಮ್ಮ ರಸ್ತೆಯ ಕುಲುಕಾಟಕ್ಕೆ ಮೊದಲು ಮುರಿಯುವುದು ರೆಸಿಸ್ಟರ್ ಕಾಲು. ಈ ಕೆಲಸಕ್ಕೆ ಮುಂಚೆ ಗಾಡಿ ತೊಳೆದುಬಿಡಿ. ಮೆಣಸಿನ ಘಾಟಿಗೆ ಸೀನುತ್ತಾ ಬೆಸುಗೆ ಹಾಕೋಕೆ ಆಗಲ್ಲ.

ಇಂಡಿಕೇಟರ್ ಕಥೆಯೇ ಬೇರೆ. 21 ವ್ಯಾಟಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಎಷ್ಟೋ ಗಾಡಿಯಲ್ಲಿ ಇಂಡಿಕೇಟರ್ ಮಿಣುಕಿಸುವ ಫ್ಲಾಷರ್ ರಿಲೇ, ಬಲ್ಬ್ ಹೋಗಿದೆ ಎಂದುಕೊಂಡು ದಡಬಡ ಮಿಣುಕಿಸುತ್ತದೆ. ಅದಕ್ಕೆ, ಬಲ್ಬಿನಂತೆ ಕರೆಂಟ್ ಎಳೆದು ಫ್ಲಾಷರನ್ನು ನಂಬಿಸುವ 6 ಓಮ್, 50 ವ್ಯಾಟಿನ ಲೋಡ್ ರೆಸಿಸ್ಟರ್ ಮಾರುತ್ತಾರೆ. 14 ವೋಲ್ಟಿನಲ್ಲಿ ಅದು ಹತ್ತಿದಾಗೆಲ್ಲ 33 ವ್ಯಾಟಿನಷ್ಟು ಬಿಸಿ ಕಾರುತ್ತದೆ. ಪ್ಲಾಸ್ಟಿಕ್‌ಗೆ, ವೈರ್ ಕಟ್ಟಿಗೆ ತಾಗಿಸಿದರೆ ಕರಗಿಸಿಬಿಡುತ್ತದೆ. ಹಾಕಲೇಬೇಕಿದ್ದರೆ ಕಬ್ಬಿಣದ ಬಾಡಿಗೆ ಬೋಲ್ಟ್ ಮಾಡಿ. ನಾನಂತೂ ಆ ಗೋಜಿಗೆ ಹೋಗದೆ ಎಲ್‌ಇಡಿಗೆ ಹೊಂದುವ ಫ್ಲಾಷರ್ ರಿಲೇ ಹಾಕಿಸಿಕೊಂಡೆ.